ಶಿಕೋಕುವಿನ 88 ದೇಗುಲಗಳ ಪಾದಯಾತ್ರೆ: ಪರದೇಶಿಗೂ ಯಾತ್ರಿಕನ ಗೌರವ

ಜಪಾನಿನ ನಾಲ್ಕು ಪ್ರಮುಖ ದ್ವೀಪಗಳಲ್ಲಿ ಅತಿ ಚಿಕ್ಕದು ಶಿಕೋಕು. ಈ ದ್ವೀಪದ ಸುತ್ತ ಹರಡಿರುವ 88 ಬೌದ್ಧ ದೇಗುಲಗಳ ಯಾತ್ರೆಯ ಹಾದಿ ಸುಮಾರು 1,200 ಕಿ.ಮೀ. ಉದ್ದವಿದೆ. ಇಂದು ಬಸ್ಸು, ಕಾರುಗಳಲ್ಲಿ ಸುತ್ತುವವರೇ ಹೆಚ್ಚು. ಕಾಲ್ನಡಿಗೆಯಲ್ಲೇ ಮುಗಿಸುವವರಿಗೆ 40ರಿಂದ 50 ದಿನ ಬೇಕು. ಹೀಗೆ ನಡೆಯುವವರಲ್ಲಿ ವಿದೇಶಿಯರೂ ಇದ್ದಾರೆ. ಇದು ಹೊಸತೇನಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಫ್ರೆಡರಿಕ್ ಸ್ಟಾರ್ 1921ರಲ್ಲೇ ಈ ಯಾತ್ರೆ ಕೈಗೊಂಡಿದ್ದರು.

ಯಾತ್ರೆಯ ಕೇಂದ್ರವ್ಯಕ್ತಿ ಕೂಕಾಯಿ (774-835). ಶಿಕೋಕುವಿನಲ್ಲೇ ಹುಟ್ಟಿದ ಈ ಸನ್ಯಾಸಿಯನ್ನು ಜನ ಕೋಬೊ ದಾಯಿಶಿ ಎಂದು ಪೂಜಿಸುತ್ತಾರೆ. 804ರಲ್ಲಿ ಚೀನಾಕ್ಕೆ ತೆರಳಿದ ಅವರು ಅಲ್ಲಿದ್ದ ಭಾರತೀಯ ಭಿಕ್ಷು ಪ್ರಜ್ಞನಿಂದ ಸಂಸ್ಕೃತ ಕಲಿತರು. ಪ್ರತಿ ದೇಗುಲದಲ್ಲೂ ಯಾತ್ರಿಕರು ಪಠಿಸುವುದು ಪ್ರಜ್ಞಾಪಾರಮಿತಾ ಹೃದಯ ಸೂತ್ರ. ಅದರ ಕೊನೆಯ ಮಂತ್ರ ಅನುವಾದವಾಗದೆ ಸಂಸ್ಕೃತದಲ್ಲೇ ಉಳಿದಿದೆ. ಯಾತ್ರಿಕರ ಪುಸ್ತಕದಲ್ಲಿ ಮುದ್ರೆ ಒತ್ತಿ, ಕುಂಚದಿಂದ ಬರೆದುಕೊಡುವಾಗ ಭಾರತ ಮೂಲದ ಸಿದ್ಧಂ ಲಿಪಿಯ ಬೀಜಾಕ್ಷರವೂ ಅಲ್ಲಿ ಮೂಡುತ್ತದೆ. ಭಾರತದಿಂದ ಹೋದವರಿಗೆ ಇದು ಪೂರ್ತಿ ಪರಕೀಯ ಎನಿಸದು.

ಯಾತ್ರಿಕನ ಉಡುಪು ಬಿಳಿ. ಅದು ಶವವಸ್ತ್ರದ ಸಂಕೇತ. ಹಿಂದೆ ದಾರಿಯಲ್ಲಿ ಅಸುನೀಗಿದವರ ಸಮಾಧಿಯ ಮೇಲೆ ಅವರ ಊರುಗೋಲನ್ನೇ ನೆಡುತ್ತಿದ್ದರು. ಆ ಕೋಲು ಕೋಬೊ ದಾಯಿಶಿಯ ಪ್ರತಿರೂಪ. ಒಂಟಿಯಾಗಿ ನಡೆದರೂ ಜೊತೆಗೆ ಅವರಿದ್ದಾರೆಂಬುದು ನಂಬಿಕೆ. ಸಂಜೆ ವಸತಿ ಸೇರಿದಾಗ ಮೊದಲು ತೊಳೆಯುವುದು ಕೋಲಿನ ತುದಿಯನ್ನು, ನಂತರವೇ ತನ್ನ ಕಾಲು. ಸೇತುವೆಯ ಮೇಲೆ ಕೋಲೂರುವಂತಿಲ್ಲ. ಒಮ್ಮೆ ಸೇತುವೆಯಡಿ ರಾತ್ರಿ ಕಳೆದ ಗುರುವಿನ ನಿದ್ದೆ ಕೆಡಬಾರದೆಂಬ ಭಾವನೆ ಇದಕ್ಕೆ ಕಾರಣ.

ಹಾದಿ ಸುಲಭದ್ದಲ್ಲ. 11ನೇ ದೇಗುಲದಿಂದ 12ನೆಯದಕ್ಕೆ ಬೆಟ್ಟದ ಏರಿಳಿತ. 37ರಿಂದ 38ಕ್ಕೆ 80 ಕಿ.ಮೀ.ಗೂ ಹೆಚ್ಚು ದೂರ. ಮುದ್ರೆ ಒತ್ತುವ ಕಚೇರಿ ಸಂಜೆ 5ಕ್ಕೆ ಮುಚ್ಚುವುದರಿಂದ ದಿನದ ಲೆಕ್ಕಾಚಾರ ತಪ್ಪುವಂತಿಲ್ಲ.

ಆದರೆ ಹೊರಗಿನವರಿಗೆ ನಿಜಕ್ಕೂ ಹೊಸ ಪಾಠವಾಗುವುದು 'ಒಸೆತ್ತಾಯಿ' ಎಂಬ ಸತ್ಕಾರ. ಅಪರಿಚಿತರು ದಾರಿಯಲ್ಲಿ ತಡೆದು ಕಿತ್ತಳೆ, ಚಹಾ, ಕೆಲವೊಮ್ಮೆ ನಾಣ್ಯಗಳನ್ನೇ ಕೈಗಿಡುತ್ತಾರೆ. ಸಂಕೋಚದಿಂದ ಬೇಡವೆನ್ನುವುದು ಸರಿಯಲ್ಲ. ಕೊಡುವವರು ತಮ್ಮ ಪರವಾಗಿಯೂ ನಡೆಯುವ ಕಾಲುಗಳಿಗೆ ಕೊಡುತ್ತಾರೆ. ಪುಣ್ಯದಲ್ಲಿ ಅವರಿಗೂ ಪಾಲಿದೆ. ಸ್ವೀಕರಿಸಿದವರು ಹೆಸರು ಬರೆದ ಕಾಗದದ ಚೀಟಿಯನ್ನು ಪ್ರತಿಯಾಗಿ ಕೊಡಬೇಕು. ಹೊಸಬರ ಚೀಟಿ ಬಿಳಿ; ನೂರು ಸುತ್ತು ಮುಗಿಸಿದವರದು ಜರಿಯದು. ಹೀಗೆ ಪಡೆಯಲು ಕಲಿತ ಪ್ರವಾಸಿ ಯಾತ್ರಿಕನಾಗುತ್ತಾನೆ.

ಈ ಔದಾರ್ಯಕ್ಕೆ ಒಮ್ಮೆ ಕಪ್ಪುಚುಕ್ಕೆಯೂ ತಗಲಿತ್ತು. 2014ರಲ್ಲಿ ಕೊರಿಯನ್ನರ ವಿರುದ್ಧ ದ್ವೇಷದ ಚೀಟಿಗಳು ಈ ಹಾದಿಯಲ್ಲಿ ಅಂಟಿಕೊಂಡಿದ್ದವು. ಯಾತ್ರೆ ಯಾರದ್ದು ಎಂಬ ಪ್ರಶ್ನೆ ಆಗ ಎದ್ದಿತು. ಉತ್ತರ ಹಾದಿಯ ರೂಢಿಯಲ್ಲೇ ಇದೆ. ಕಿತ್ತಳೆ ನೀಡುವ ಅಜ್ಜಿ ನೋಡುವುದು ಬಿಳಿ ಉಡುಪನ್ನು, ಪಾಸ್‌ಪೋರ್ಟನ್ನಲ್ಲ.

ನಡೆಯಬಯಸುವವರಿಗೆ ವಸಂತ ಮತ್ತು ಶರತ್ಕಾಲ ಅನುಕೂಲ. ಮುದ್ರೆಯ ಶುಲ್ಕ 2024ರಲ್ಲಿ 300 ಯೆನ್‌ನಿಂದ 500ಕ್ಕೆ ಏರಿದೆ. ನಾಲ್ಕು ಜಪಾನಿ ಮಾತುಗಳನ್ನು ಕಲಿತು ಹೋಗುವುದು ಒಳಿತು. ಅವುಗಳಲ್ಲಿ ಮೊದಲನೆಯದು ಧನ್ಯವಾದ.