ನಿಮಗಿದು ಗೊತ್ತೆ?: ಭಾರ ಎತ್ತಿದರೆ ಕುಳ್ಳಾಗುವುದಿಲ್ಲ

‘ಈ ವಯಸ್ಸಿಗೇ ಜಿಮ್ಮಿಗೆ ಹೋದರೆ ಕುಳ್ಳಾಗಿಬಿಡ್ತೀಯ’ ಎಂಬ ಎಚ್ಚರಿಕೆ ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಬಲ್ಲವರು ಎದುರಿಗಿದ್ದು, ಸರಿಯಾದ ಭಂಗಿಯಲ್ಲಿ ಮಾಡಿಸಿದ ಭಾರದ ವ್ಯಾಯಾಮ ಎತ್ತರಕ್ಕೆ ಅಡ್ಡಿಯಾಗುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಮೂಳೆಯ ತುದಿಗಳಲ್ಲಿರುವ, ಎತ್ತರ ಬೆಳೆಸುವ ಪದರ ಹದಿಹರೆಯದಲ್ಲಿ ಮೆದುವಾಗಿರುವುದೇನೋ ನಿಜ. ಅದಕ್ಕೆ ಪೆಟ್ಟಾಗುವುದು ಹೆಚ್ಚಾಗಿ ಆಟದಲ್ಲಿ ಬಿದ್ದಾಗ, ಇಲ್ಲವೇ ಗೆಳೆಯರೆದುರು ಶಕ್ತಿ ಮೀರಿ ಎತ್ತಲು ಹೋದಾಗ.

ಮಿಜೋರಾಂನ ಜೆರೆಮಿ ಲಾಲ್‌ರಿನುಂಗಾ 2018ರ ಬ್ಯೂನಸ್ ಐರಿಸ್ ಯೂತ್ ಒಲಿಂಪಿಕ್ಸ್‌ನಲ್ಲಿ ಒಟ್ಟು 274 ಕೆ.ಜಿ. ಎತ್ತಿ ಚಿನ್ನ ಗೆದ್ದಾಗ ವಯಸ್ಸು ಬರೀ 15. ಯೂತ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ.

ಹೊಸಬರು ಮರೆಯುವ ಲೆಕ್ಕವೊಂದಿದೆ: ಪುರುಷರ ಒಲಿಂಪಿಕ್ ಬಾರ್ ಖಾಲಿಯಿದ್ದರೂ 20 ಕೆ.ಜಿ. ತೂಗುತ್ತದೆ. ಅದನ್ನು ಮುಟ್ಟುವ ಮೊದಲು ಗರಡಿಮನೆಯ ಬಸ್ಕಿ, ದಂಡ ಹದಕ್ಕೆ ಬರಲಿ. ಆಮೇಲೆ ಭಂಗಿ ಕೆಡದಂತೆ 8ರಿಂದ 15 ಸಲ ಎತ್ತಬಲ್ಲಷ್ಟೇ ತೂಕ, ವಾರಕ್ಕೆ 2-3 ದಿನ, ನಡುವೆ ಬಿಡುವು.

ಮೊದಲ ಕೆಲವು ವಾರ ತೋಳು ದಪ್ಪವಾಗದೆಯೇ ಬಲ ಹೆಚ್ಚುತ್ತದೆ. ಇದು ಹೆಚ್ಚಾಗಿ ನರಮಂಡಲದ ಕೆಲಸ. ಇರುವ ಸ್ನಾಯುವಿನಲ್ಲೇ ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸಲು ಮಿದುಳು ಕಲಿಯುತ್ತಿರುತ್ತದೆ. ಕನ್ನಡಿಯಲ್ಲಿ ಏನೂ ಕಾಣಿಸದೆ ಹುಡುಗರು ಪ್ರೋಟೀನ್ ಪುಡಿಯ ದುಬಾರಿ ಡಬ್ಬಕ್ಕೆ ಕೈಹಾಕುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಹಾಲು, ಮೊಟ್ಟೆ, ಬೇಳೆ-ಕಾಳು ಹೊಟ್ಟೆತುಂಬ ತಿನ್ನುವ ಆರೋಗ್ಯವಂತ ಹುಡುಗನಿಗೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.