ಹುಲ್ಲುಹಾಸಿನ ಉಸಿರು

ಬೆಳಗಾವಿಯ ಕ್ಯಾಂಪಿನ ಹಳೆಯ ಬಂಗಲೆಗಳ ಮುಂದೆಯೂ, ವೆಂಗುರ್ಲೆ ರಸ್ತೆಯ ಬದಿಯ ಹಿಂಡಲಗಾದಲ್ಲಿ ಈಚೆಗೆ ಎದ್ದಿರುವ ಬಡಾವಣೆಗಳ ಮನೆಗಳ ಮುಂದೆಯೂ, ಅಂಗಳದ ಒಂದು ಪಾಲನ್ನು ಹುಲ್ಲಿಗೆಂದೇ ಬಿಟ್ಟುಕೊಡುವ ರೂಢಿ ಇಂದಿಗೂ ಉಳಿದುಬಂದಿದೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಗಿ, ಅದರ ಪಶ್ಚಿಮಕ್ಕೆ ದಂಡು ಬೀಡುಬಿಟ್ಟ ಮೇಲೆ, ತಮ್ಮ ತಂಪುನಾಡಿನ ಅಂಗಳಗಳನ್ನು ಮರೆಯಲಾರದ ಜನರೊಡನೆ ಬಂದ ರೂಢಿಯಿದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಬಡವರ ಮಹಾಬಳೇಶ್ವರವೆಂದು ಹೆಸರಾದ ಊರಿನ ಹವೆಯೂ ಅದಕ್ಕೆ ಒತ್ತಾಸೆಯಾಯಿತು. ಆದರೆ ರೂಢಿಯ ಬೆನ್ನಿಗೆ ಅದರ ಪಂಚಾಂಗವೂ ಬಂದಿತು. ಶರತ್ಕಾಲದಲ್ಲಿ ನೆಲಕ್ಕೆ ರಂಧ್ರಗಳನ್ನು ಹೊಡೆದು, ಹುಲ್ಲಿನ ಮೇಲೆಯೇ ಹೊಸ ಬೀಜವನ್ನು ಬಿತ್ತಬೇಕೆಂಬ ತಂಪುನಾಡಿನ ವಿಧಿಯನ್ನು ತೋಟಗಾರಿಕೆಯ ಕೈಪಿಡಿಗಳು ಇಂದಿಗೂ ಉಪದೇಶಿಸುತ್ತಿವೆ. ಈ ವಿಧಿಯಲ್ಲಿ ಸಾರ್ವತ್ರಿಕವಾದ ಸತ್ಯವೆಷ್ಟು, ಆಯಾ ದೇಶಕ್ಕೆ ಮಾತ್ರ ಸಲ್ಲುವ ಅಂಶವೆಷ್ಟು ಎಂಬುದನ್ನು ವಿಂಗಡಿಸಿ ನೋಡುವುದು ಉಪಯುಕ್ತವಾದೀತು.

ಶ್ರಾವಣದಲ್ಲಿ ಕಣ್ಣಿಗೆ ತಂಪೆನಿಸುವಂತೆ ಬೆಳೆದ ಹುಲ್ಲು ಮಾಗಿಯ ಹೊತ್ತಿಗೆ ಅಲ್ಲಲ್ಲಿ ಬೋಳಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗೇಟಿನಿಂದ ಪಡಸಾಲೆಗೆ ಜನ ಅಡ್ಡಹಾಯುವ ಜಾಡು, ಮಕ್ಕಳು ಆಡುವ ಮೂಲೆ, ಸ್ಕೂಟರು ನಿಲ್ಲಿಸುವ ಅಂಚು, ಇವೇ ಮೊದಲು ಬೋಳಾಗುವ ಎಡೆಗಳು. ಮನೆಯವರು ನೀರನ್ನು ಹೆಚ್ಚಿಸುತ್ತಾರೆ, ಯೂರಿಯಾ ಎರಚುತ್ತಾರೆ. ಹುಲ್ಲು ಮಾತ್ರ ಚೇತರಿಸಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದದ್ದು ನೀರೂ ಅಲ್ಲ, ಗೊಬ್ಬರವೂ ಅಲ್ಲ, ಗಾಳಿ.

ಸಸ್ಯವು ಎಲೆಯ ಮೂಲಕ ಆಮ್ಲಜನಕವನ್ನು ಹೊರಹಾಕುತ್ತದೆಂಬುದನ್ನು ಶಾಲೆಯಲ್ಲಿ ಕಲಿತ ನಾವು, ಅದೇ ಸಸ್ಯದ ಬೇರು ಹಗಲಿರುಳೂ ಆಮ್ಲಜನಕವನ್ನು ಒಳಕ್ಕೆಳೆದುಕೊಂಡು ಇಂಗಾಲಾಮ್ಲವನ್ನು ಬಿಡುತ್ತಿರುತ್ತದೆಂಬುದನ್ನು ಮರೆತುಬಿಡುತ್ತೇವೆ. ಆರೋಗ್ಯವಂತವಾದ ಮೇಲ್ಮಣ್ಣಿನ ಗಾತ್ರದಲ್ಲಿ ಘನಪದಾರ್ಥ ಸುಮಾರು ಅರ್ಧದಷ್ಟು ಮಾತ್ರ. ಉಳಿದರ್ಧ ಬರಿಯ ತೆರವು, ಆ ತೆರವನ್ನು ನೀರೂ ಗಾಳಿಯೂ ಹಂಚಿಕೊಂಡಿರುತ್ತವೆ. ಕಿರಿದಾದ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿರಿದಾದವು ಮಳೆಯ ನೀರನ್ನು ಬೇಗನೆ ಕೆಳಕ್ಕಿಳಿಸಿ ಗಾಳಿಗೆ ದಾರಿ ಬಿಡುತ್ತವೆ. ಕಾಲ್ತುಳಿತದ ಭಾರಕ್ಕೆ ಮೊದಲು ಕುಸಿಯುವುವು ಈ ಹಿರಿಯ ರಂಧ್ರಗಳೇ. ಅದರಲ್ಲಿಯೂ ಜಿಗುಟು ಮಣ್ಣು ನೆನೆದಿರುವಾಗ ಕಣಗಳ ನಡುವಿನ ನೀರು ಅವುಗಳನ್ನು ಜಾರಿಸಿ ಒಂದರ ಮೇಲೊಂದನ್ನು ಒತ್ತಾಗಿ ಕೂರಿಸುವುದರಿಂದ, ಬೇಸಗೆಯ ಉದ್ದಕ್ಕೂ ನಡೆದಾಡಿ ಆಗದ ಹಾನಿ ಮಳೆಗಾಲದ ಕೆಲವೇ ದಿನಗಳ ಓಡಾಟದಿಂದ ಆಗಿಬಿಡುತ್ತದೆ. ಹೀಗೆ ಗಟ್ಟಿಗೊಂಡ ಪದರ ಬಹುಶಃ ಎರಡು ಮೂರು ಅಂಗುಲಗಳಿಗಿಂತ ಆಳವಾಗಿರದು. ಆದರೆ ಹುಲ್ಲಿನ ಬೇರುಗಳಲ್ಲಿ ಹೆಚ್ಚಿನವು ನೆಲೆಸಿರುವುದೂ ಅಲ್ಲಿಯೇ.

ಇಂಥ ನೆಲಕ್ಕೆ ನೀರೆರೆದರೆ ತೊಂದರೆ ಇಮ್ಮಡಿಸುತ್ತದೆ, ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರಿಲ್ಲದ ಬೇರಿಗೆ ಲವಣಗಳನ್ನು ಹೀರುವ ಶಕ್ತಿಯೂ ಕುಂದುತ್ತದೆ. ಅಷ್ಟೇ ಅಲ್ಲ, ಗಾಳಿ ದೊರೆಯದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತು ಬಳಸಿಕೊಂಡು ಸಾರಜನಕವನ್ನು ಅನಿಲರೂಪದಲ್ಲಿ ಆಕಾಶಕ್ಕೆ ಬಿಟ್ಟುಬಿಡುವುದರಿಂದ, ದುಡ್ಡು ಕೊಟ್ಟು ತಂದ ಯೂರಿಯಾದ ಒಂದಂಶ ಹುಲ್ಲಿನ ಪಾಲಿಗೆ ಬರುವುದೇ ಇಲ್ಲ. ಬೆಳಗಾವಿ, ಖಾನಾಪುರಗಳ ಭತ್ತದ ರೈತ ಗದ್ದೆಯ ಮಣ್ಣನ್ನು ತುಳಿಸಿ, ಕೆಸರು ಮಾಡಿ, ನೀರಿಳಿಯದಂತೆ ಬುದ್ಧಿಪೂರ್ವಕವಾಗಿ ಕಟ್ಟುತ್ತಾನಲ್ಲವೇ ಎಂದು ಯಾರಾದರೂ ಕೇಳಬಹುದು. ಭತ್ತದ ಮಾತು ಬೇರೆ. ಅದರ ಕಾಂಡದಿಂದ ಬೇರಿನ ತುದಿಯವರೆಗೆ ಗಾಳಿಯನ್ನು ಒಯ್ಯುವ ಒಳನಾಳಗಳಿರುವುದರಿಂದ ಅದು ತನ್ನ ಬೇರಿಗೆ ಬೇಕಾದ ಉಸಿರನ್ನು ಎಲೆಯಿಂದಲೇ ಇಳಿಸಿಕೊಳ್ಳಬಲ್ಲುದು. ಅಂಗಳದ ಹುಲ್ಲಿಗೆ ಆ ಮಟ್ಟದ ಸೌಕರ್ಯವಿಲ್ಲ. ಅದು ನೆಲದ ಗಾಳಿಯನ್ನೇ ನಂಬಿ ಬದುಕಬೇಕು.

ಗಟ್ಟಿಯಾದ ನೆಲಕ್ಕೆ ಗಾಳಿಯನ್ನು ಹುಗಿಸುವ ಯಂತ್ರದ ತತ್ತ್ವ ಅತಿ ಸರಳವಾದದ್ದು. ಅದರ ಪ್ರಾಣವಿರುವುದು ಟೊಳ್ಳಾದ ಉಕ್ಕಿನ ಹಲ್ಲುಗಳಲ್ಲಿ. ಕೈಬೆರಳಿನ ಗಾತ್ರದ ಈ ಕೊಳವೆಯ ಬಾಯಿ ಹರಿತವಾಗಿರುತ್ತದೆ; ಬಾಯಿಯಿಂದ ಮೇಲಕ್ಕೆ ಒಳಗಿನ ವ್ಯಾಸ ತುಸುವೇ ಹಿಗ್ಗಿರುವುದರಿಂದ ಕತ್ತರಿಸಿ ಒಳಹೊಕ್ಕ ಮಣ್ಣು ಗೋಡೆಗೆ ಕಚ್ಚಿಕೊಳ್ಳುವುದಿಲ್ಲ; ಪಕ್ಕದಲ್ಲೊಂದು ಕಿಂಡಿಯಿದ್ದು, ಪ್ರತಿಯೊಂದು ಕುತ್ತಿಗೂ ಹಿಂದಿನ ಕುತ್ತಿನ ಮಣ್ಣಿನ ಬತ್ತಿ ಅದರ ಮೂಲಕ ಹೊರಕ್ಕೆ ಜಾರಿ ಹುಲ್ಲಿನ ಮೇಲೆ ಬೀಳುತ್ತದೆ. ಕೆಲವು ಯಂತ್ರಗಳಲ್ಲಿ ಈ ಹಲ್ಲುಗಳು ಉರುಳೆಯೊಂದರ ಸುತ್ತ ಕೂತಿದ್ದು, ಯಂತ್ರದ ಭಾರವೇ ಅವನ್ನು ನೆಲಕ್ಕೆ ಇಳಿಸುತ್ತದೆ. ಇನ್ನು ಕೆಲವುಗಳಲ್ಲಿ ಇಂಜಿನ್ನಿನಿಂದ ತಿರುಗುವ ಕ್ರ್ಯಾಂಕು ಅವನ್ನು ನೇರವಾಗಿ ಮೇಲೆ ಕೆಳಗೆ ಆಡಿಸುತ್ತದೆ, ಇವುಗಳ ರಂಧ್ರಗಳು ಹೆಚ್ಚು ನೇರ, ಹೆಚ್ಚು ಆಳ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟಾಮ್ ಮಸ್ಕಾರೋ ಇಂಥದೊಂದು ಯಂತ್ರವನ್ನು ಮಾರುಕಟ್ಟೆಗೆ ತಂದಂದಿನಿಂದ ಗಾಲ್ಫ್ ಮೈದಾನಗಳಲ್ಲಿ ಈ ಕೆಲಸ ವಾಡಿಕೆಯಾಯಿತು. ಹಲ್ಲು ಟೊಳ್ಳಾಗಿರಬೇಕೆಂಬುದಕ್ಕೆ ಬಲವಾದ ಕಾರಣವಿದೆ: ಗಟ್ಟಿ ಮೊಳೆಯನ್ನು ಚುಚ್ಚಿದರೆ ತೂತು ಬೀಳುವುದು ನಿಜ, ಆದರೆ ಅಲ್ಲಿದ್ದ ಮಣ್ಣು ಎಲ್ಲಿಯೂ ಹೋಗದೆ ಸುತ್ತಲಿನ ಮಣ್ಣನ್ನೇ ಇನ್ನಷ್ಟು ಅದುಮುತ್ತದೆ, ಕೊಳವೆಯಾದರೋ ಮಣ್ಣನ್ನು ಹೊರತೆಗೆದು, ಉಳಿದ ಮಣ್ಣಿಗೆ ಸಡಿಲಗೊಳ್ಳಲು ಎಡೆ ಮಾಡಿಕೊಡುತ್ತದೆ.

ಇದರಿಂದಾಗುವ ಲಾಭವನ್ನು ಸಣ್ಣ ಲೆಕ್ಕವೊಂದು ಮನಗಾಣಿಸುತ್ತದೆ. ಒಂದೂಕಾಲು ಸೆಂಟಿಮೀಟರ್ ವ್ಯಾಸದ, ಏಳೂವರೆ ಸೆಂಟಿಮೀಟರ್ ಆಳದ ರಂಧ್ರಗಳನ್ನು ಏಳೂವರೆ ಸೆಂಟಿಮೀಟರಿಗೊಂದರಂತೆ ಹೊಡೆದರೆ, ಒಂದು ಚದರ ಮೀಟರಿನಲ್ಲಿ ಸುಮಾರು 178 ರಂಧ್ರಗಳಾಗುತ್ತವೆ. ಅವುಗಳ ಬಾಯಿಗಳೆಲ್ಲ ಸೇರಿ ನೆಲದ ಮೇಲ್ಮೈಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ಆಕ್ರಮಿಸುತ್ತವೆ, ಹುಲ್ಲಿಗಾಗುವ ನಷ್ಟ ಅಷ್ಟೇ. ಅವುಗಳ ಒಳಗೋಡೆಗಳನ್ನು ಕೂಡಿಸಿದರಾದರೋ ಸುಮಾರು ಅರ್ಧ ಚದರ ಮೀಟರ್ ಆಗುತ್ತದೆ. ಎಂದರೆ, ಎರಡು ಪಾಲನ್ನು ಬಿಟ್ಟುಕೊಟ್ಟ ನೆಲವು ಗಾಳಿಗೆ ಒಡ್ಡಿದ ತನ್ನ ಮೈಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳುತ್ತದೆ. ಹೊರಬಂದ ಬತ್ತಿಗಳನ್ನು ಗುಡಿಸಿ ಎಸೆಯಬೇಕಾಗಿಲ್ಲ. ಒಣಗಿದ ಮೇಲೆ ಸಲಿಕೆಯ ಬೆನ್ನಿನಿಂದ ಒಡೆದು ಹರಡಿದರೆ ಅವುಗಳೊಳಗಿನ ಸೂಕ್ಷ್ಮಜೀವಿಗಳು ಹುಲ್ಲಿನ ಬುಡದಲ್ಲಿ ಸೇರಿದ ಸತ್ತ ನಾರನ್ನು ಕರಗಿಸಲು ನೆರವಾಗುತ್ತವೆ.

ಯಂತ್ರ ಹುಟ್ಟುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲಿನಿಂದ ಇದೇ ಕಾಯಕವನ್ನು ಸದ್ದಿಲ್ಲದೆ ನಡೆಸಿಕೊಂಡು ಬಂದಿರುವ ಜೀವಿ ಎರೆಹುಳು. ಶ್ವಾಸಕೋಶವಿಲ್ಲದ, ತೇವಗೊಂಡ ಚರ್ಮದಿಂದಲೇ ಉಸಿರಾಡುವ ಈ ಪ್ರಾಣಿ ತನ್ನ ಉಂಗುರಗಳಲ್ಲಿರುವ ಸೂಕ್ಷ್ಮವಾದ ಬಿರುಗೂದಲುಗಳನ್ನು ಮಣ್ಣಿಗೆ ನಾಟಿ, ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಮುನ್ನಡೆಯುತ್ತ, ದಾರಿಯಲ್ಲಿ ಸಿಕ್ಕ ಮಣ್ಣನ್ನು ನುಂಗಿ, ಅದರೊಳಗಿನ ಕೊಳೆತ ಸಸ್ಯಾಂಶವನ್ನು ಜೀರ್ಣಿಸಿಕೊಂಡು, ಉಳಿದುದನ್ನು ನೆಲದ ಮೇಲೆ ಹಿಕ್ಕೆಯಾಗಿ ಬಿಡುತ್ತದೆ. ಅದು ಬಿಟ್ಟುಹೋದ ಸುರಂಗದ ಗೋಡೆಗೆ ಲೋಳೆಯ ಲೇಪವಿರುವುದರಿಂದ ಅದು ಬೇಗ ಕುಸಿಯದೆ ಗಾಳಿಗೂ ನೀರಿಗೂ ಬೇರಿಗೂ ಹೆದ್ದಾರಿಯಾಗುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಗ್ರಂಥವನ್ನು 1881ರಲ್ಲಿ ಪ್ರಕಟಿಸಿದ್ದು ಈ ಹುಳುವನ್ನು ಕುರಿತೇ. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಅವು ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿ ಮಣ್ಣನ್ನು ತಮ್ಮ ದೇಹದ ಮೂಲಕ ಹಾಯಿಸಿ ಮೇಲಕ್ಕೆ ತರುತ್ತವೆಂದು ಆತ ಅದರಲ್ಲಿ ತೋರಿಸಿದನು. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಡಿ. ಕಾಳೆ ಮೊದಲಾದವರು ಅಭ್ಯಸಿಸಿ, ಎರೆಗೊಬ್ಬರಕ್ಕೆಂದು ರೈತರಿಗೆ ಪರಿಚಯಿಸಿದ ಆಫ್ರಿಕಾ ಮೂಲದ ಹುಳು ಕಸಕಡ್ಡಿಯಲ್ಲಿ, ನೆಲದ ಮೇಲ್ಪದರದಲ್ಲಿ ಬದುಕುವಂಥದು. ಅದನ್ನು ಕೊಂಡುತಂದು ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು ಸುರಂಗ ತೋಡಲಾರದು. ನಮ್ಮ ನೆಲದಲ್ಲೇ ಇರುವ ಬಿಲವಾಸಿ ಹುಳುಗಳನ್ನು ಉಳಿಸಿಕೊಂಡರೆ ಸಾಕು. ಗೊಣ್ಣೆಹುಳುವಿನ ನೆಪದಲ್ಲಿ ಕೀಟನಾಶಕದ ಹರಳುಗಳನ್ನು ಹುಲ್ಲಿಗೆಲ್ಲ ಸುರಿಯುವವನು ಸಂಬಳವಿಲ್ಲದ ಆಳುಗಳನ್ನು ತಾನೇ ಕೊಂದುಕೊಂಡಂತೆ.

ಇಷ್ಟು ಭಾಗ ಎಲ್ಲ ದೇಶಗಳಿಗೂ ಸಮಾನವಾದದ್ದು. ಕಾಲದ ವಿಷಯಕ್ಕೆ ಬಂದಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ತಂಪುನಾಡಿನ ಅಂಗಳದಲ್ಲಿರುವ ರೈ, ಫೆಸ್ಕ್ಯೂ ಮೊದಲಾದ ಹುಲ್ಲುಗಳು ಹದಿನೈದರಿಂದ ಇಪ್ಪತ್ತನಾಲ್ಕು ಡಿಗ್ರಿಯ ಹಿತವಾದ ಹವೆಯಲ್ಲಿ ಹುಲುಸಾಗಿ ಬೆಳೆಯುತ್ತವೆ; ಬೇಸಗೆಯ ತಾಪದಿಂದ ಬಳಲಿದ ಅವಕ್ಕೆ ಶರತ್ಕಾಲ ಎರಡನೆಯ ವಸಂತವಿದ್ದಂತೆ. ಆಗ ನೆಲ ಇನ್ನೂ ಬೆಚ್ಚಗಿದ್ದು, ಗಾಳಿ ತಂಪಾಗಿ, ಕಳೆಗಳ ಕಾಟವೂ ಇಳಿದಿರುವುದರಿಂದ, ರಂಧ್ರ ಹೊಡೆದು ಬಿತ್ತಿದ ರೈ ಹುಲ್ಲಿನ ಬೀಜ ವಾರ ಹತ್ತು ದಿನಗಳಲ್ಲಿ ಮೊಳೆತು ಚಳಿಯೊಳಗೆ ಬೇರೂರುತ್ತದೆ. ನಮ್ಮ ಅಂಗಳದ ಹುಲ್ಲು ಇವುಗಳ ಕುಲದ್ದಲ್ಲ. ಅದು ಗರಿಕೆ, ಈ ಭಾಗದ ಜನರ ಬಾಯಲ್ಲಿ ಕರಿಕಿ, ಹಿಂಡಲಗಾದ ಗಣಪತಿಗೆ ಭಕ್ತರು ಏರಿಸುವ ಅದೇ ದೂರ್ವೆ. 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯದಲ್ಲಿ ಕಬ್ಬಿನ ಎಲೆಯನ್ನು ಪರೀಕ್ಷಿಸಿ ವಿವರಿಸಿದ ವಿಶಿಷ್ಟವಾದ ದ್ಯುತಿಸಂಶ್ಲೇಷಣ ಕ್ರಮ ಗರಿಕೆಯಲ್ಲಿಯೂ ಇದೆ: ಇಂಗಾಲಾಮ್ಲವನ್ನು ಎಲೆಯ ಹೊರಗಿನ ಕೋಶಗಳಲ್ಲಿ ನಾಲ್ಕು ಇಂಗಾಲಗಳ ಆಮ್ಲವಾಗಿ ಮೊದಲು ಹಿಡಿದು, ನಾಳಗಳ ಸುತ್ತಲಿನ ಒಳಕೋಶಗಳಿಗೆ ಸಾಗಿಸಿ, ಅಲ್ಲಿ ದಟ್ಟವಾಗಿ ಬಿಡುಗಡೆ ಮಾಡಿ ಸಕ್ಕರೆ ಕಟ್ಟುವ ಕ್ರಮವದು. ಉರಿಬಿಸಿಲಿನಲ್ಲಿ ಇದು ಬಹು ಲಾಭದಾಯಕ. ಚಳಿಯಲ್ಲಿ ಅಷ್ಟೇ ಮಂದ. ಆದುದರಿಂದ ಬೆಳಗಾವಿ ಜಿಲ್ಲೆಯ ಕಬ್ಬು, ಜೋಳ, ಗೋವಿನಜೋಳಗಳ ಸಾಲಿಗೆ ಸೇರುವ ಗರಿಕೆಯು ಕಾರ್ತಿಕ ಕಳೆದು ಇರುಳು ತಂಪೇರಿದಂತೆ ಬೆಳವಣಿಗೆಯನ್ನು ತಗ್ಗಿಸಿ, ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ದೀಪಾವಳಿಯ ಅನಂತರ ಅದಕ್ಕೆ ರಂಧ್ರ ಹೊಡೆಯುವುದೆಂದರೆ ನಿದ್ದೆಗೆ ಜಾರುತ್ತಿರುವವನ ಮೈಯನ್ನು ಕೊಯ್ದಂತೆಯೇ ಸರಿ.

ಹಾಗಾದರೆ ಹಿಂಡಲಗಾದ ಅಂಗಳಕ್ಕೆ ತಕ್ಕ ಮುಹೂರ್ತ ರೋಹಿಣಿಯ ಮಳೆ ಬಿದ್ದು ನೆಲ ನೆನೆದ ಮೇಲೆ, ಜೂನ್ 7 ಅಥವಾ 8ಕ್ಕೆ ಹೂಡುವ ಮಿರಗದ, ಎಂದರೆ ಮೃಗಶಿರೆಯ ಮಳೆಯ, ಆರಂಭದ ದಿನಗಳು. ಹಿಡಿಮಣ್ಣು ಅದುಮಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು, ಹದವೆಂದರೆ ಅದು. ಆರ್ದ್ರೆ ಹಿಡಿದು ಮಣ್ಣು ರಾಡಿಯಾದ ಮೇಲೆ ಕೊಳವೆಯನ್ನಿಳಿಸಿದರೆ ರಂಧ್ರದ ಗೋಡೆ ಸವರಿದಂತಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಯಂತ್ರ ಬಾಡಿಗೆಗೆ ಸಿಗದವರು ಅರ್ಧ ಇಂಚಿನ ಕಬ್ಬಿಣದ ಪೈಪಿನ ಎರಡು ಮೂರು ತುಂಡುಗಳ ಬಾಯನ್ನು ಓರೆಯಾಗಿ ಕೊಯ್ಸಿ, ಪಕ್ಕಕ್ಕೆ ಕಿಂಡಿ ಬಿಡಿಸಿ, ಕಾಲಿನಿಂದ ಒತ್ತಲು ಬರುವಂತೆ ಅಡ್ಡಪಟ್ಟಿಗೆ ವೆಲ್ಡಿಂಗ್ ಮಾಡಿಸಿಕೊಂಡರೆ ಸಣ್ಣ ಅಂಗಳಕ್ಕೆ ಅದು ಧಾರಾಳವಾಗಿ ಸಾಕು. ರಂಧ್ರ ಹೊಡೆದ ಮೇಲೆ ಜರಡಿ ಹಿಡಿದ ತಿಪ್ಪೆಗೊಬ್ಬರವನ್ನು ದಪ್ಪ ಮರಳಿನೊಡನೆ ಬೆರೆಸಿ ತೆಳುವಾಗಿ ಎಳೆಯಬೇಕು. ಬೋಳಾದ ಎಡೆಗಳಿಗೆ ಗರಿಕೆಯ ಬೀಜವೂ ದೊರೆಯುತ್ತದಾದರೂ, ಅದು ಅತಿ ಸಣ್ಣದಾದುದರಿಂದ ತುಸು ಆಳಕ್ಕೆ ಬಿದ್ದರೆ ಮೇಲೇಳದು, ಮೇಲೆಯೇ ಉಳಿದರೆ ಒಂದು ಜೋರುಮಳೆಗೆ ಕೊಚ್ಚಿಹೋದೀತು. ಇಳಿಜಾರಿನ ಅಂಗಳದಲ್ಲಿ ಗಟ್ಟಿಯಾದ ದಾರಿಯೆಂದರೆ, ಹುಲುಸಾಗಿ ಬೆಳೆದ ಕಡೆಯಿಂದ ಎರಡು ಮೂರು ಗೆಣ್ಣುಗಳುಳ್ಳ ಬಳ್ಳಿತುಂಡುಗಳನ್ನು ತಂದು, ಗೇಣಿಗಿಂತ ಕಡಿಮೆ ಅಂತರದಲ್ಲಿ ನಾಟಿ, ಒತ್ತಿ ಬಿಡುವುದು. ಗೆಣ್ಣಿಗೆ ಮಣ್ಣು ತಾಗಿದರೆ ಸಾಕು, ಮಿಕ್ಕ ಕೆಲಸವನ್ನು ಮಳೆ ಮಾಡುತ್ತದೆ. ತುಳಿತ ಬಹಳವಿರುವ ಕಡೆ ಮಳೆ ಹಿಂಜರಿಯುವ ಉತ್ತರೆ, ಹಸ್ತಗಳ ನಡುವೆ ಇನ್ನೊಂದು ಸುತ್ತು ರಂಧ್ರ ಹೊಡೆಯಲು ಅಡ್ಡಿಯಿಲ್ಲ, ಆಗ ಗರಿಕೆಗೆ ಬೆಚ್ಚಗಿನ ಕೆಲವು ವಾರಗಳು ಇನ್ನೂ ಕೈಯಲ್ಲಿರುತ್ತವೆ.

ಚಳಿಗಾಲದಲ್ಲಿಯೂ ಹಸುರು ಬೇಕೆಂದು ಗರಿಕೆಯ ಮೇಲೆ ರೈ ಹುಲ್ಲನ್ನು ಬಿತ್ತುವ ಪದ್ಧತಿ ಬೆಚ್ಚನೆಯ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಉಂಟು. ಅದಕ್ಕೆ ತಿಂಗಳುಗಟ್ಟಲೆ ನೀರು ಹಾಯಿಸಬೇಕು, ಬಿಸಿಲೇರುವಾಗ ಎರಡೂ ಹುಲ್ಲುಗಳ ಪೈಪೋಟಿಯಲ್ಲಿ ಗರಿಕೆಯ ಚೇತರಿಕೆಯೂ ತಡವಾಗುತ್ತದೆ. ಮನೆಯಂಗಳಕ್ಕೆ ಈ ದುಬಾರಿಯ ಅಲಂಕಾರ ತಕ್ಕುದಲ್ಲ. ಮಾವಿನ ಮರದಡಿ ಹುಲ್ಲು ಸೊರಗಿದ್ದರೆ ಅಲ್ಲಿಯ ಕೊರತೆ ಗಾಳಿಯದಲ್ಲ, ಬೆಳಕಿನದು; ಗರಿಕೆ ನೆರಳನ್ನು ಸಹಿಸದು, ಎಷ್ಟು ರಂಧ್ರ ಹೊಡೆದರೂ ಅಲ್ಲಿ ವ್ಯರ್ಥ. ಎಲ್ಲಕ್ಕೂ ಮೊದಲು, ರಂಧ್ರದ ಅಗತ್ಯವೇ ಇದೆಯೆ ಎಂಬುದನ್ನು ಪರೀಕ್ಷಿಸಿಕೊಳ್ಳುವುದು ಲೇಸು: ಮಳೆ ಬಿದ್ದ ಮರುದಿನ ಉದ್ದನೆಯ ಸ್ಕ್ರೂಡ್ರೈವರೊಂದನ್ನು ಹುಲ್ಲಿನ ನಡುವೆ ಅಂಗೈಯಿಂದ ಒತ್ತಿ ನೋಡಬೇಕು. ಅದು ಸಲೀಸಾಗಿ ನಾಲ್ಕು ಅಂಗುಲ ಇಳಿದು, ಸುತ್ತಲೂ ಎರೆಹುಳುವಿನ ಹಿಕ್ಕೆ ಕಂಡರೆ ಯಂತ್ರಕ್ಕೆ ದುಡ್ಡು ಸುರಿಯುವುದು ಬೇಡ. ತಡವರಿಸಿ ನಿಂತರೆ ಮಿರಗದವರೆಗೆ ಕಾಯಬೇಕು, ಅದುವರೆಗೆ ಗೇಟಿನಿಂದ ಪಡಸಾಲೆಗೆ ನಾಲ್ಕು ಹಾಸುಗಲ್ಲು ಹಾಕಿಸಿ ಜನರ ಕಾಲನ್ನು ಹುಲ್ಲಿನಿಂದ ಆಚೆಗೆ ತಿರುಗಿಸಬೇಕು.