ಹಳೆಯ ಕ್ಯಾನುಗಳೂ ವಾಹನದ ಕೊಟ್ಟಿಗೆಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಮನೆಗಳಲ್ಲಿ ಗೋಸಂಪತ್ತು ಕ್ರಮೇಣ ಕ್ಷೀಣಿಸಿ, ಒಂದು ಕಾಲಕ್ಕೆ ಹಸುಕರುಗಳಿಂದ ತುಂಬಿದ್ದ ಕೊಟ್ಟಿಗೆಯು ಇಂದು ಕಾರಿಗೋ ಸ್ಕೂಟರಿಗೋ ಆಶ್ರಯಸ್ಥಾನವಾಗಿ ಪರಿಣಮಿಸಿರುವುದನ್ನು ಎಷ್ಟೋ ಕಡೆ ಕಾಣಬಹುದು. ವಾಹನದ ಬೆನ್ನಿಗೇ ಹಿಡಿಸೂಡಿ, ಫಿನೈಲು, ಬ್ಲೀಚಿಂಗ್ ಪುಡಿ, ಸೋಪಿನ ಪುಡಿ, ಉಜ್ಜುವ ಬ್ರಷ್ಷು, ನೆಲವೊರಸುವ ಬಟ್ಟೆ ಇವೆಲ್ಲವೂ ಅಲ್ಲಿಗೆ ಬಂದು ಮೂಲೆಯಲ್ಲಿ ರಾಶಿಬೀಳುತ್ತವೆ. ಇವಕ್ಕೊಂದು ನೆಲೆಯನ್ನು ಕಲ್ಪಿಸುವುದಕ್ಕೆ ಪೇಟೆಯಿಂದ ಕಪಾಟು ತರಬೇಕಾದುದಿಲ್ಲ. ಮನೆಯಿಂದ ತಿಂಗಳು ತಿಂಗಳೂ ಹೊರಬೀಳುವ ಕ್ಯಾನು ಡಬ್ಬಗಳೇ ಧಾರಾಳವಾಗಿ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಾವ ಪಾತ್ರೆ ಎಲ್ಲಿಗೆ ಸಲ್ಲುವುದೆಂಬುದನ್ನು ನಮ್ಮ ಕರಾವಳಿಯಲ್ಲಿ ಮಳೆಯೇ ನಿರ್ಣಯಿಸುತ್ತದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಸುರಿಯುವ, ಅದರಲ್ಲಿಯೂ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಬಿದ್ದುಹೋಗುವ ಈ ಸೀಮೆಯಲ್ಲಿ, ರಟ್ಟಿನ ಪೆಟ್ಟಿಗೆಯು ಬೇಸಗೆಯಲ್ಲಿ ಎಷ್ಟೇ ಗಟ್ಟಿಯಾಗಿ ತೋರಿದರೂ, ಆಷಾಢ ಕಳೆಯುವುದರೊಳಗಾಗಿ ಥಂಡಿಯನ್ನು ಹೀರಿ ಮೆತ್ತಗಾಗಿ ಗೆದ್ದಲಿಗೆ ಆಹಾರವಾಗುತ್ತದೆ. ಎಣ್ಣೆಯ ತಗಡಿನ ಡಬ್ಬಕ್ಕೂ ದೀರ್ಘಾಯುಷ್ಯವಿಲ್ಲ. ಒಂದು ಪಾರ್ಶ್ವದಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕೆ ಇರುವ ಮರವಂತೆಯಂತಹ ಊರುಗಳಲ್ಲಿ ಉಪ್ಪುಗಾಳಿಯು ಅದನ್ನು ಬಹುಬೇಗ ತುಕ್ಕಿಗೆ ಒಪ್ಪಿಸುತ್ತದೆ. ತ್ರಿಕೋನದೊಳಗೆ 2 ಎಂಬ ಅಂಕಿಯನ್ನು ಮುದ್ರಿಸಿರುವ, ಮಾಸಲು ಬಣ್ಣದ ದಪ್ಪ ಪ್ಲಾಸ್ಟಿಕ್ ಕ್ಯಾನೇ ಇಲ್ಲಿ ಉಪಯುಕ್ತವಾದುದು. 1 ಎಂಬ ಅಂಕಿಯ ತೆಳ್ಳನೆಯ ನೀರಿನ ಬಾಟಲಿಯು ಬಿಸಿಗೆ ಮುದುಡುವುದರಿಂದ ಈ ಕಾರ್ಯಕ್ಕೆ ತಕ್ಕುದಲ್ಲ.

ಐದು ಲೀಟರಿನ ಕ್ಯಾನನ್ನು ಚೆನ್ನಾಗಿ ತೊಳೆದು ಒಣಗಿಸಿ, ಹಿಡಿಕೆಯನ್ನು ಹಾಗೆಯೇ ಉಳಿಸಿ, ಅದರ ಎದುರುಬದಿಯ ಹೆಗಲನ್ನು ಓರೆಯಾಗಿ ಕತ್ತರಿಸಿದರೆ ಬ್ರಷ್ಷು ಬಟ್ಟೆಗಳನ್ನಿಡುವ ಬುಟ್ಟಿ ಸಿದ್ಧವಾಯಿತು. ತಳದಲ್ಲಿ ನಾಲ್ಕಾರು ತೂತುಗಳನ್ನು ಕೊರೆಯುವುದನ್ನು ಮಾತ್ರ ಮರೆಯಕೂಡದು. ಒದ್ದೆ ಬ್ರಷ್ಷಿನ ನೀರು ಇಳಿದುಹೋಗದಿದ್ದಲ್ಲಿ ಸೊಳ್ಳೆಯ ಮರಿಗಳಿಗೆ ಅದೇ ತವರಾಗುವುದು. ಮುರಕಲ್ಲಿನ ಗೋಡೆಯಲ್ಲಿ ಮೊಳೆ ಸಡಿಲುವುದುಂಟಾದ್ದರಿಂದ, ಮಾಡಿನ ಪಕ್ಕಾಸಿಗೆ ಹಗ್ಗ ಬಿಗಿದು, ಅದರಲ್ಲಿ ಅಡಿಕೆಯ ದಬ್ಬೆಯೊಂದನ್ನು ಅಡ್ಡಲಾಗಿ ತೂಗಿಬಿಟ್ಟು, ಕ್ಯಾನುಗಳ ಹಿಡಿಕೆಯೊಳಗಿಂದ ದಬ್ಬೆಯನ್ನು ತೂರಿಸುವುದು ಒಳಿತು. ನೆಲದ ಥಂಡಿಯಾಗಲಿ ಗೆದ್ದಲಾಗಲಿ ಅಷ್ಟೆತ್ತರಕ್ಕೆ ಬಾರದು. ಗುಡಿಸುವಾಗ ಅಡ್ಡಿಯೂ ಇಲ್ಲ.

ಬ್ಲೀಚಿಂಗ್ ಪುಡಿಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ತೆಗೆಯಲು ಅದಿಲ್ಲದೆ ನಮ್ಮಲ್ಲಿ ಕೆಲಸ ಸಾಗದು. ಆದರೆ ತೇವ ತಗುಲಿದೊಡನೆ ಅದು ಸತ್ತ್ವಗುಂದುತ್ತದೆ, ಹತ್ತಿರದ ಕಬ್ಬಿಣವನ್ನೂ ತಿನ್ನುತ್ತದೆ. ಆದಕಾರಣ ತಗಡಿನ ಡಬ್ಬದಲ್ಲಿ ಅದನ್ನಿಡದೆ, ತಿರುಪಿನ ಮುಚ್ಚಳವುಳ್ಳ ಪ್ಲಾಸ್ಟಿಕ್ ಭರಣಿಯಲ್ಲಿಡತಕ್ಕದ್ದು. ಟಾಯ್ಲೆಟ್ ತೊಳೆಯುವ ಆಸಿಡ್ ಅದರೊಡನೆ ಬೆರೆತರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲವು ಹುಟ್ಟುವುದರಿಂದ, ಇವೆರಡನ್ನೂ ಒಂದೇ ದಬ್ಬೆಗೆ ತೂಗದೆ ಕೊಟ್ಟಿಗೆಯ ಎದುರುಬದುರು ಗೋಡೆಗಳ ಬಳಿ, ಮಕ್ಕಳ ಕೈಗೆಟುಕದಂತೆ ಇಡಬೇಕು. ಪಾನೀಯದ ಬಾಟಲಿಯಲ್ಲಿ ಫಿನೈಲನ್ನಾಗಲಿ ಆಸಿಡ್ಡನ್ನಾಗಲಿ ತುಂಬಿಡುವ ಅಭ್ಯಾಸವಂತೂ ಘೋರವಾದುದು: ಬಾಯಾರಿದ ಮಗುವು ಬಾಟಲಿಯ ಆಕಾರವನ್ನು ನಂಬಿ ಕುಡಿಯುತ್ತದೆ. ತೋಟಕ್ಕೆ ಸಿಂಪಡಿಸಿದ ಕೀಟನಾಶಕದ ಡಬ್ಬವನ್ನು ತೊಳೆದಾದರೂ ಮರುಬಳಕೆ ಮಾಡಕೂಡದು.

ನಮ್ಮ ಹಿರಿಯರು ಅಕ್ಕಿಯನ್ನು ಬೈಹುಲ್ಲಿನ ಮುಡಿಯಲ್ಲಿ ಬಿಗಿದಿಡುತ್ತಿದ್ದರು. ಮುಡಿ ಬಿಚ್ಚಿದ ಮೇಲೆ ಆ ಹುಲ್ಲು ಕೊಟ್ಟಿಗೆಯ ಮಾರ್ಗವಾಗಿ ಗೊಬ್ಬರಗುಂಡಿಯನ್ನು ಸೇರಿ ಮರಳಿ ಗದ್ದೆಗೆ ಸಲ್ಲುತ್ತಿತ್ತು. ಇಂದಿನ ಕ್ಯಾನಿಗೆ ಮಣ್ಣಾಗುವ ಗುಣವಿಲ್ಲದಿರುವುದರಿಂದಲೇ ಅದನ್ನು ಎಷ್ಟು ವರ್ಷ ದುಡಿಸಿಕೊಂಡರೆ ಅಷ್ಟು ಲಾಭವೆಂದು ನಾನು ಬಗೆಯುತ್ತೇನೆ. ಕೊನೆಗೊಮ್ಮೆ ಅದು ಬಿರುಕುಬಿಟ್ಟಾಗ ಬಚ್ಚಲ ಒಲೆಗೆ ಹಾಕಿ ಸುಡದೆ, ಮತ್ತೊಮ್ಮೆ ತೊಳೆದೊಣಗಿಸಿ ಒಣಕಸದೊಡನೆ ಪಂಚಾಯತಿಯ ವಾಹನಕ್ಕೆ ಕೊಡಬೇಕು. ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ವಂಡ್ಸೆಯ ಗ್ರಾಮ ಪಂಚಾಯತಿಯಂತೆ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕವನ್ನು ನಡೆಸುವ ಕಡೆಗಳಲ್ಲಿ ಇಂತಹ ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ವಿಂಗಡಿಸುತ್ತಾರೆ. ಕೊಳೆಯಿಲ್ಲದೆ ಬಂದ ಕ್ಯಾನಾದರೆ ವಿಂಗಡಿಸುವವರ ಕೈಗೂ ಹಿತ, ಮಾರುವಾಗ ಬೆಲೆಯೂ ಹೆಚ್ಚು.